ಫೋಕಸ್ ತಪ್ಪಿದ್ದು ಎಲ್ಲಿ? ಮಿರರ್‌ಲೆಸ್ ಕ್ಯಾಮೆರಾದ ವ್ಯೂಫೈಂಡರ್, ಆಟೋಫೋಕಸ್ ಮತ್ತು ಲೆನ್ಸನ್ನು ಹದಕ್ಕೆ ತರುವ ಬಗೆ

ಬೆಳಗಿನ ಹೊತ್ತು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕ್ಯಾಮೆರಾ ಹೆಗಲಿಗೇರಿಸಿ ನಡೆಯುವ ಹಲವರ ಕೈಯಲ್ಲಿ ಈಗ ಮಿರರ್‌ಲೆಸ್ ಕ್ಯಾಮೆರಾ ಇದೆ. ಅವರಲ್ಲಿ ನನ್ನೊಡನೆ ನಿಂತು ಮಾತಾಡುವವರ ದೂರು ಬಹುಮಟ್ಟಿಗೆ ಒಂದೇ ಬಗೆಯದು. ಕಣ್ಣಿಡುವ ಕಿಂಡಿಯಾದ ವ್ಯೂಫೈಂಡರಿನಲ್ಲಿ ನೋಡುವಾಗ ಮಿಂಚುಳ್ಳಿಯ ಕಣ್ಣಿನ ಮೇಲೆಯೇ ಫೋಕಸ್ ಚೌಕ ಕೂತಿತ್ತು, ಅದು ಹಸಿರಾಗಿಯೂ ತಿರುಗಿತ್ತು, ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಹಕ್ಕಿ ಮಸುಕು, ಹಿಂದಿನ ಜೊಂಡು ಮಾತ್ರ ಚೂಪು. ಇದಾದ ಮೇಲೆ ಅವರು ಕೇಳುವ ಪ್ರಶ್ನೆ ಇನ್ನೂ ದುಬಾರಿಯಾದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಳ್ಳಬೇಕೆ ಎಂಬುದು. ಕೊಳ್ಳುವ ಮೊದಲು ಒಂದು ಮಾತು ತಿಳಿದಿರಲಿ: ಚಿತ್ರವೊಂದು ಚೂಪಾಗಿ ಬರಬೇಕಾದರೆ ವ್ಯೂಫೈಂಡರ್ ತೋರಿಸುವುದು, ಆಟೋಫೋಕಸ್ ಆರಿಸುವುದು ಮತ್ತು ಲೆನ್ಸಿನ ಮೋಟಾರು ಆ ಜಾಗಕ್ಕೆ ಗಾಜನ್ನು ಒಯ್ದು ನಿಲ್ಲಿಸುವುದು ಎಂಬ ಮೂರು ಬೇರೆ ಬೇರೆ ಕೆಲಸಗಳು ಕೂಡಿ ನಡೆಯಬೇಕು. ತಪ್ಪಿದ್ದು ಈ ಮೂರರಲ್ಲಿ ಯಾವುದು ಎಂದು ಕಂಡುಕೊಂಡರೆ ಕೈಯಲ್ಲಿರುವ ಕ್ಯಾಮೆರಾದಲ್ಲೇ ಹೆಚ್ಚಿನ ತೊಂದರೆಗಳನ್ನು ಸರಿಪಡಿಸಬಹುದು. ಆ ಹುಡುಕಾಟದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಕೆಟ್ಟ ಚಿತ್ರಗಳನ್ನು ಅಳಿಸುವುದನ್ನು ಒಂದು ವಾರ ನಿಲ್ಲಿಸಿ, ಅವನ್ನು ನೂರು ಪ್ರತಿಶತ ಗಾತ್ರದಲ್ಲಿ ತೆರೆದು ಮೂಲೆಯಿಂದ ಮೂಲೆಗೆ ನೋಡಿ. ಚಿತ್ರದಲ್ಲಿ ಎಲ್ಲಾದರೂ ಒಂದು ಎಲೆಯೋ ಕಲ್ಲೋ ಚೂಪಾಗಿದ್ದರೆ ಫೋಕಸ್ ಬೇರೆಡೆ ಹೋಗಿದೆ ಎಂದು ತಿಳಿಯಬೇಕು. ಎಲ್ಲಿಯೂ ಏನೂ ಚೂಪಾಗಿಲ್ಲದೆ, ಎಲ್ಲ ಅಂಚುಗಳೂ ಒಂದೇ ದಿಕ್ಕಿಗೆ ಗೀಚಿದಂತೆ ಕಂಡರೆ ಅದು ಕೈ ಅಲುಗಿದ ಫಲ. ಹಿನ್ನೆಲೆ ಸ್ಥಿರವಾಗಿದ್ದು ಹಕ್ಕಿಯ ರೆಕ್ಕೆ ಮಾತ್ರ ಗೀಚಿದ್ದರೆ ಶಟರ್ ವೇಗ (ಬೆಳಕನ್ನು ಒಳಬಿಡುವ ಹೊತ್ತು ಎಷ್ಟು ಚಿಕ್ಕದು ಎಂಬುದು) ಸಾಲದಾಗಿದೆ. ಕೊನೆಯ ಎರಡಕ್ಕೆ ಆಟೋಫೋಕಸನ್ನು ದೂರುವುದು ನ್ಯಾಯವಲ್ಲ. ನಾನು ನೋಡಿಕೊಟ್ಟ ಗೆಳೆಯರ ಚಿತ್ರಗಳಲ್ಲಿ ಫೋಕಸ್ ತಪ್ಪಿದೆ ಎಂದು ಅವರು ಎತ್ತಿಟ್ಟಿದ್ದ ಎಷ್ಟೋ ಚಿತ್ರಗಳು ನಿಜವಾಗಿ ಶಟರ್ ವೇಗದ ಕೊರತೆಯಿಂದ ಕೆಟ್ಟವು. ಹಾರುವ ಹಕ್ಕಿಗೆ 1/2000 ಸೆಕೆಂಡಿನಷ್ಟು ವೇಗವಿಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರುವುದಕ್ಕೆ ಅಂಜದೆ ತೆಗೆದರೆ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ವ್ಯೂಫೈಂಡರ್ ತೋರಿಸುವುದು ಏನನ್ನು

ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು, ಮೇಲಿನ ಪಟ್ಟಕದ ಮೂಲಕ ನೇರವಾಗಿ ಕಣ್ಣಿಗೆ ತಲುಪುತ್ತಿತ್ತು. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ. ಬೆಳಕು ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಬೀಳುತ್ತದೆ, ಕ್ಯಾಮೆರಾ ಅದನ್ನು ಓದಿ, ಸಂಸ್ಕರಿಸಿ, ಕಣ್ಣಿನ ಮುಂದಿರುವ ಪುಟ್ಟ ಪರದೆಯ ಮೇಲೆ ಬರೆಯುತ್ತದೆ. ಹೀಗಾಗಿ ನಾವು ನೋಡುವುದು ಎಷ್ಟೇ ಚೆನ್ನಾಗಿದ್ದರೂ ಅದು ಸ್ವಲ್ಪ ಹಳೆಯದಾದ ಚಿತ್ರ. 60 ಹರ್ಟ್ಸ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 60 ಬಾರಿ, ಬದಲಾಗುವ ಪರದೆಯಲ್ಲಿ ಒಂದು ಫ್ರೇಮಿನ ಅವಧಿ ಸುಮಾರು 17 ಮಿಲಿಸೆಕೆಂಡ್, 120 ಹರ್ಟ್ಸ್‌ನಲ್ಲಿ ಸುಮಾರು 8. ಓದುವುದಕ್ಕೂ ಸಂಸ್ಕರಿಸುವುದಕ್ಕೂ ಹಿಡಿಯುವ ಸಮಯ ಇದಕ್ಕೆ ಸೇರುತ್ತದೆ. ಹಕ್ಕಿಯೊಂದು ಸೆಕೆಂಡಿಗೆ 10 ಮೀಟರ್ ಹಾರುತ್ತಿದೆ ಎಂದಿಟ್ಟುಕೊಂಡರೆ, 60 ಹರ್ಟ್ಸ್‌ನ ಒಂದೇ ಫ್ರೇಮಿನಷ್ಟು ಹೊತ್ತಿನಲ್ಲಿ ಅದು ಸುಮಾರು 17 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕುಳಿತ ಕೊಕ್ಕರೆಗೆ ಇದು ಲೆಕ್ಕಕ್ಕಿಲ್ಲ, ಹಾರುವ ಹಕ್ಕಿಗೆ ಇದೇ ಎಲ್ಲ.

ಆದ್ದರಿಂದ ಮೆನುವಿನಲ್ಲಿ ವ್ಯೂಫೈಂಡರಿನ ಫ್ರೇಮ್ ದರ ಎಂಬ ಆಯ್ಕೆಯನ್ನು ಹುಡುಕಿ, ಹಕ್ಕಿಗಾಗಿ ಹೋಗುವ ದಿನ ಅದನ್ನು ಇದ್ದುದರಲ್ಲಿ ಹೆಚ್ಚಿನದಕ್ಕೆ ಇಡಿ. ಕೆಲವು ಬಾಡಿಗಳಲ್ಲಿ ಹಾಗೆ ಮಾಡಿದಾಗ ಪರದೆಯ ಸೂಕ್ಷ್ಮತೆ ತುಸು ಇಳಿಯುತ್ತದೆ, ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ, ಆದರೂ ಅದು ಒಪ್ಪಬಹುದಾದ ನಷ್ಟ. ಅಂಗಡಿಯಲ್ಲಿ 23.6 ಲಕ್ಷ ಡಾಟ್, 36.9 ಲಕ್ಷ ಡಾಟ್, 57.6 ಲಕ್ಷ ಡಾಟ್ ಎಂದು ಹೇಳುವ ಲೆಕ್ಕದಿಂದ ದಾರಿ ತಪ್ಪಬಾರದು. ಕೆಂಪು, ಹಸಿರು, ನೀಲಿ ಬಿಂದುಗಳನ್ನು ಬೇರೆ ಬೇರೆಯಾಗಿ ಎಣಿಸಿದ ಸಂಖ್ಯೆ ಅದು. 36.9 ಲಕ್ಷ ಡಾಟ್ ಎಂದರೆ ನಿಜವಾಗಿ 1280ಕ್ಕೆ 960 ಪಿಕ್ಸೆಲ್‌ಗಳ ಚಿತ್ರ. ಡಾಟ್ ಹೆಚ್ಚಿದ್ದರೆ ಕೈಯಿಂದ ಫೋಕಸ್ ಮಾಡುವಾಗ ಅನುಕೂಲ ನಿಜ, ಓಡುವ ವಸ್ತುವನ್ನು ಹಿಂಬಾಲಿಸುವಾಗ ಮಾತ್ರ ಫ್ರೇಮ್ ದರವೇ ಮುಖ್ಯ ಎಂಬುದು ನನ್ನ ಅನುಭವ.

ಇದಕ್ಕಿಂತಲೂ ಮೊದಲು ನೋಡಬೇಕಾದದ್ದು ಪರದೆಯನ್ನು ನಮ್ಮ ದೃಷ್ಟಿಗೆ ಹೊಂದಿಸುವ, ವ್ಯೂಫೈಂಡರಿನ ಪಕ್ಕದಲ್ಲಿರುವ ಡಯಾಪ್ಟರ್ ಎಂಬ ಸಣ್ಣ ಚಕ್ರ. ಚೀಲದಿಂದ ಕ್ಯಾಮೆರಾವನ್ನು ಎಳೆಯುವಾಗ ಬಟ್ಟೆಗೆ ತಗುಲಿ ಅದು ತಾನಾಗಿ ತಿರುಗಿಬಿಡುತ್ತದೆ, ಆಮೇಲೆ ಎಲ್ಲವೂ ಮಸುಕಾಗಿ ಕಂಡು, ಲೆನ್ಸ್ ಕೆಟ್ಟಿತೆಂದು ಗಾಬರಿಯಾಗುತ್ತದೆ. ದೃಶ್ಯವನ್ನು ನೋಡಿ ಇದನ್ನು ಸರಿಮಾಡಬಾರದು. ಪರದೆಯ ಮೇಲಿರುವ ಶಟರ್ ವೇಗದ ಅಂಕಿಗಳನ್ನೋ ಮೆನುವಿನ ಅಕ್ಷರಗಳನ್ನೋ ನೋಡುತ್ತ, ಅವು ಅಚ್ಚಿನಂತೆ ಕಾಣುವವರೆಗೆ ಚಕ್ರ ತಿರುಗಿಸಬೇಕು. ಕನ್ನಡಕ ಹಾಕುವವರು ಹಾಕಿಕೊಂಡೇ ಮಾಡಬೇಕು. ಹಾಗೆಯೇ ಕಣ್ಣು ಹತ್ತಿರ ಬಂದಾಗ ಹಿಂಬದಿಯ ಪರದೆಯಿಂದ ವ್ಯೂಫೈಂಡರಿಗೆ ತಾನಾಗಿ ಬದಲಾಗುವ ವ್ಯವಸ್ಥೆ ಅರೆಗಳಿಗೆ ತಡ ಮಾಡುತ್ತದೆ. ಹಕ್ಕಿಯ ಕೆಲಸಕ್ಕೆ ವ್ಯೂಫೈಂಡರ್ ಮಾತ್ರ ಎಂಬ ಆಯ್ಕೆಯನ್ನು ಇಟ್ಟು, ಕ್ಯಾಮೆರಾ ನಿದ್ದೆಗೆ ಜಾರುವ ಅವಧಿಯನ್ನೂ ಹೆಚ್ಚಿಸಿಕೊಂಡರೆ ಆ ತಡ ಇರುವುದಿಲ್ಲ.

ರಂಗನತಿಟ್ಟಿನ ರೀವ ಕಲಿಸಿದ್ದು

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹರಡಿರುವ ರಂಗನತಿಟ್ಟು, ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ಜಾಗ. ಅಲ್ಲಿ ದೋಣಿಯಲ್ಲಿ ಕುಳಿತು ಬಣ್ಣದ ಕೊಕ್ಕರೆಯನ್ನೋ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನೋ ತೆಗೆಯುವುದು ಯಾವ ಕ್ಯಾಮೆರಾಕ್ಕೂ ಕಷ್ಟವಲ್ಲ. ಕಷ್ಟವಿರುವುದು ನದಿ ರೀವದಲ್ಲಿ (ರಿವರ್ ಟರ್ನ್). ನೀರಿನ ಮೇಲೆ ಸಾಗುತ್ತ, ತಲೆ ಕೆಳಗೆ ಮಾಡಿ ನೋಡುತ್ತ, ಗಕ್ಕನೆ ಮಗುಚಿ ಮೀನಿಗೆ ಎರಗುವ ಆ ಹಕ್ಕಿಯನ್ನು ಹಿಡಿಯಲು ನಾನು ಒಂದು ಬೇಸಿಗೆಯ ಬೆಳಗ್ಗೆ ಕ್ಯಾಮೆರಾವನ್ನು ಒಂದೇ ಸಮನೆ ಚಿತ್ರ ತೆಗೆಯುವ ಅತಿ ವೇಗದ ಬರ್ಸ್ಟ್‌ಗೆ ಇಟ್ಟುಕೊಂಡು ಕುಳಿತಿದ್ದೆ. ಹಕ್ಕಿ ಎರಗಿತು, ನಾನು ಬಟನ್ ಒತ್ತಿ ಹಿಡಿದೆ, ವ್ಯೂಫೈಂಡರಿನಲ್ಲಿ ಹಕ್ಕಿ ನಡುವೆಯೇ ಕಾಣುತ್ತಿತ್ತು. ತೆಗೆದ ಚಿತ್ರಗಳನ್ನು ನೋಡಿದರೆ ಮೊದಲ ಮೂರರಲ್ಲಿ ಹಕ್ಕಿ, ಮಿಕ್ಕವುಗಳಲ್ಲಿ ಬರಿಯ ನೀರು, ಒಂದರ ಅಂಚಿನಲ್ಲಿ ಬಾಲದ ತುದಿ.

ಇದಕ್ಕೆ ಕಾರಣ ಆಮೇಲೆ ತಿಳಿಯಿತು. ಹಲವು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಅತಿ ಹೆಚ್ಚಿನ ಬರ್ಸ್ಟ್ ವೇಗವನ್ನು ಆರಿಸಿದಾಗ ವ್ಯೂಫೈಂಡರ್ ಈಗಿನ ದೃಶ್ಯವನ್ನು ತೋರಿಸುವುದನ್ನು ಬಿಟ್ಟು, ಆಗಷ್ಟೇ ತೆಗೆದ ಚಿತ್ರಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತದೆ. ನಾವು ಹಿಂಬಾಲಿಸುತ್ತಿರುವುದು ಹಕ್ಕಿ ಇದ್ದ ಜಾಗವನ್ನು. ಒಂದು ಮೆಟ್ಟಿಲು ಕಡಿಮೆ ವೇಗಕ್ಕೆ ಬಂದರೆ ಎರಡು ಚಿತ್ರಗಳ ನಡುವೆ ನೇರ ದೃಶ್ಯ ಮತ್ತೆ ಕಾಣುತ್ತದೆ. ಸೆಕೆಂಡಿಗೆ ಎರಡು ಚಿತ್ರ ಕಡಿಮೆ ಬಂದರೂ ಹಕ್ಕಿ ಚೌಕಟ್ಟಿನೊಳಗೆ ಉಳಿಯುತ್ತದೆ. ನಿಮ್ಮ ಕ್ಯಾಮೆರಾ ಯಾವ ವೇಗದವರೆಗೆ ನೇರ ದೃಶ್ಯ ತೋರಿಸುತ್ತದೆ ಎಂಬುದು ಅದರ ಕೈಪಿಡಿಯಲ್ಲಿ ಇರುತ್ತದೆ. ಅದನ್ನು ಓದದೆ ದೋಣಿ ಹತ್ತಬೇಡಿ. 2017ರಲ್ಲಿ ಬಂದ ಸೋನಿ ಎ9 ಕ್ಯಾಮೆರಾದಲ್ಲಿ ಸ್ಟ್ಯಾಕ್ಡ್ ಸೆನ್ಸರ್, ಅಂದರೆ ಚಿತ್ರವನ್ನು ಬಹಳ ಬೇಗ ಓದಿಬಿಡುವ ಬಗೆಯದು, ಇದ್ದುದರಿಂದ ಸೆಕೆಂಡಿಗೆ 20 ಚಿತ್ರ ತೆಗೆಯುವಾಗಲೂ ವ್ಯೂಫೈಂಡರ್ ಕಪ್ಪಾಗದೆ ಉಳಿಯಿತು. ಆ ಬಗೆಯ ಸೆನ್ಸರ್ ಈಗ ಹಲವು ತಯಾರಕರ ಮೇಲ್ದರ್ಜೆಯ ಬಾಡಿಗಳಲ್ಲಿದೆ. ವ್ಯೂಫೈಂಡರ್ ನಿಮಿತ್ತವಾಗಿಯೇ ಹೆಚ್ಚು ಹಣ ಕೊಡಬೇಕಾದರೆ ಕೊಡಬೇಕಾದದ್ದು ಇದಕ್ಕೆ.

ಅಂದು ದೋಣಿ ನಡೆಸುತ್ತಿದ್ದವರು ನನ್ನ ಪರದಾಟ ನೋಡಿ, "ಸಾರ್, ಅದ್ರ ಹಿಂದೆ ಓಡ್ಬೇಡಿ. ಇದೇ ಸಾಲಲ್ಲಿ ಮೇಲಕ್ಕೆ ಹೋಗ್ತದೆ, ತಿರುಗಿ ಇದೇ ಸಾಲಲ್ಲಿ ಬರ್ತದೆ. ಆ ಬಂಡೆ ಹತ್ರ ನೋಡ್ತಾ ಇರಿ" ಎಂದರು. ಆ ಮಾತನ್ನು ಫೋಕಸ್ ಮಾಡುವ ಕ್ರಮವನ್ನಾಗಿಯೇ ತೆಗೆದುಕೊಳ್ಳಬಹುದು. ಹಕ್ಕಿ ಹಾದು ಹೋಗುವ ಸಾಲಿನಲ್ಲಿರುವ ಬಂಡೆಯ ಮೇಲೆ ಮೊದಲೇ ಫೋಕಸ್ ಮಾಡಿಟ್ಟುಕೊಂಡರೆ, ಹಕ್ಕಿ ಬಂದಾಗ ಫೋಕಸ್ ಒಂದು ಗೇಣು ಸರಿದರೆ ಸಾಕು. ಫೋಕಸ್ ಎಲ್ಲೋ ದಂಡೆಯ ಬಿದಿರಿನಲ್ಲಿ ನಿಂತಿದ್ದರೆ ಹಕ್ಕಿ ವ್ಯೂಫೈಂಡರಿನಲ್ಲಿ ಬರಿಯ ಬಿಳಿ ಮಬ್ಬಾಗಿ ಕಾಣುತ್ತದೆ, ಅಷ್ಟು ಮಬ್ಬಾದ ವಸ್ತುವನ್ನು ಹಕ್ಕಿಯೆಂದು ಗುರುತಿಸಲು ಯಾವ ಕ್ಯಾಮೆರಾಕ್ಕೂ ಆಗದು. ಎರಡು ಕಣ್ಣನ್ನೂ ತೆರೆದಿಟ್ಟು, ಎಡಗಣ್ಣಿನಲ್ಲಿ ಹೊಳೆಯನ್ನೂ ಬಲಗಣ್ಣಿನಲ್ಲಿ ಪರದೆಯನ್ನೂ ನೋಡುವ ರೂಢಿಯಾದರೆ ಹಕ್ಕಿಯನ್ನು ಚೌಕಟ್ಟಿಗೆ ತರುವುದು ಇನ್ನೂ ಸಲೀಸು. ಇದಕ್ಕೆ ನನಗೆ ಒಂದು ತಿಂಗಳು ಹಿಡಿಯಿತು.

ಆಟೋಫೋಕಸ್ ಆರಿಸುವ ಕ್ರಮ

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹೆಚ್ಚಿನವು ಸೆನ್ಸರಿನ ಮೇಲೆಯೇ ಫೇಸ್ ಡಿಟೆಕ್ಷನ್ ಎಂಬ ವಿಧಾನವನ್ನು ಬಳಸುತ್ತವೆ. ಸೆನ್ಸರಿನಲ್ಲಿ ಜೋಡಿ ಜೋಡಿಯಾಗಿ ಇರುವ ಬಿಂದುಗಳಲ್ಲಿ ಒಂದು ಲೆನ್ಸಿನ ಎಡಭಾಗದಿಂದ ಬಂದ ಬೆಳಕನ್ನೂ ಇನ್ನೊಂದು ಬಲಭಾಗದಿಂದ ಬಂದ ಬೆಳಕನ್ನೂ ನೋಡುತ್ತದೆ. ಫೋಕಸ್ ಸರಿಯಿದ್ದರೆ ಎರಡೂ ಒಂದರ ಮೇಲೊಂದು ಕೂರುತ್ತವೆ, ತಪ್ಪಿದ್ದರೆ ಪಕ್ಕಕ್ಕೆ ಸರಿದಿರುತ್ತವೆ. ಎಷ್ಟು ಸರಿದಿವೆ, ಯಾವ ಕಡೆಗೆ ಸರಿದಿವೆ ಎಂಬುದರಿಂದ ಲೆನ್ಸ್ ಮುಂದೆ ಹೋಗಬೇಕೋ ಹಿಂದೆ ಬರಬೇಕೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. 2013ರಲ್ಲಿ ಬಂದ ಕ್ಯಾನನ್ 70ಡಿ ಡಿಎಸ್‌ಎಲ್‌ಆರ್ ಪ್ರತಿ ಪಿಕ್ಸೆಲನ್ನೂ ಎರಡಾಗಿ ಸೀಳಿ ಈ ಕೆಲಸಕ್ಕೆ ಹಚ್ಚಿತು, ಆ ಕಂಪನಿಯ ಮಿರರ್‌ಲೆಸ್ ಬಾಡಿಗಳು ಅದೇ ಹಾದಿಯಲ್ಲಿ ಬೆಳೆದವು. ಕಾಂಟ್ರಾಸ್ಟ್ ಡಿಟೆಕ್ಷನ್ ಎಂಬ ಹಳೆಯ ವಿಧಾನ ಹಾಗಲ್ಲ. ಅದು ಲೆನ್ಸನ್ನು ಹಿಂದೆ ಮುಂದೆ ಸರಿಸುತ್ತ, ಅಂಚುಗಳು ಅತಿ ಚೂಪಾದ ಜಾಗವನ್ನು ದಾಟಿ, ಮರಳಿ ಬಂದು ನಿಲ್ಲುತ್ತದೆ. ನಿಂತ ವಸ್ತುವಿಗೆ ಇದು ತುಂಬ ನಿಖರ, ಓಡುವ ವಸ್ತುವಿಗೆ ತಡಕಾಟ.

ಈ ಎಡಬಲದ ಜೋಡಣೆಯಿಂದ ಒಂದು ತೊಡಕು ಹುಟ್ಟುತ್ತದೆ, ಅದನ್ನು ತಿಳಿದವರು ಕಡಿಮೆ. ಅಡ್ಡಲಾಗಿ ಮಲಗಿದ ಗೆರೆಯನ್ನು ಎಡಕ್ಕೆ ಬಲಕ್ಕೆ ಸರಿಸಿದರೂ ಅದು ಹಾಗೆಯೇ ಕಾಣುತ್ತದೆ, ಆದ್ದರಿಂದ ಎಡಬಲದ ಬಿಂದುಗಳಷ್ಟೇ ಇರುವ ಸೆನ್ಸರಿಗೆ ಅಡ್ಡ ಗೆರೆಯ ಮೇಲೆ ಫೋಕಸ್ ಮಾಡುವುದು ಕಷ್ಟ. ಕರೆಂಟಿನ ತಂತಿ, ಗದ್ದೆಯ ಬದು, ನಾಲೆಯ ಏರಿ, ನಿಂತ ನೀರಿನ ಅಲೆ ಎಲ್ಲವೂ ಇಂಥವೇ. ಕ್ಯಾಮೆರಾ ಹೀಗೆ ಕಾರಣವಿಲ್ಲದೆ ತಡಕಾಡುತ್ತಿದೆ ಅನ್ನಿಸಿದಾಗ ಅದನ್ನು ಹತ್ತಿಪ್ಪತ್ತು ಡಿಗ್ರಿ ಓರೆ ಮಾಡಿ ಫೋಕಸ್ ಮಾಡಿ, ಅದನ್ನು ಹಾಗೆಯೇ ಹಿಡಿದಿಟ್ಟು, ನೇರ ಮಾಡಿ ತೆಗೆಯಿರಿ. ಲಂಬವಾಗಿಯೂ ಅಡ್ಡಲಾಗಿಯೂ ಓದಬಲ್ಲ ಸೆನ್ಸರುಗಳು ಈಗ ಕೆಲವು ಬಾಡಿಗಳಲ್ಲಿ ಬಂದಿವೆ. ಅವುಗಳಿಗೆ ಈ ಉಪಾಯ ಬೇಕಿಲ್ಲ.

ಮೆನುವಿನ ಆಯ್ಕೆಗಳಲ್ಲಿ ಬೇಗ ಹೇಳಿ ಮುಗಿಸಬಹುದಾದವು ಎರಡು. ಕುಳಿತ ವಸ್ತುವಿಗೆ ಒಮ್ಮೆ ಹಿಡಿದು ನಿಲ್ಲುವ ಸಿಂಗಲ್ ಫೋಕಸ್, ಚಲಿಸುವ ವಸ್ತುವಿಗೆ ಬಿಡದೆ ಹಿಂಬಾಲಿಸುವ ಕಂಟಿನ್ಯುಯಸ್ ಫೋಕಸ್. ಎರಡನ್ನೂ ಬದಲಾಯಿಸುತ್ತ ಕೂರುವ ಬದಲು ಸದಾ ಕಂಟಿನ್ಯುಯಸ್‌ನಲ್ಲಿಟ್ಟು, ಫೋಕಸ್ ಮಾಡುವ ಕೆಲಸವನ್ನು ಶಟರ್ ಬಟನ್‌ನಿಂದ ತೆಗೆದು ಹಿಂಬದಿಯ ಬಟನ್‌ಗೆ ವಹಿಸಿದರೆ, ಹೆಬ್ಬೆರಳು ಒತ್ತಿರುವಷ್ಟು ಹೊತ್ತು ಹಿಂಬಾಲಿಸುತ್ತದೆ, ಎತ್ತಿದೊಡನೆ ನಿಲ್ಲುತ್ತದೆ. ಎರಡನೆಯದು ಫೋಕಸ್ ಸಿಗುವ ಮೊದಲೇ ಶಟರ್ ಬಿಡಬೇಕೆ ಬೇಡವೆ ಎಂಬ ಆದ್ಯತೆಯ ಆಯ್ಕೆ. ಅದು ಬಿಡುಗಡೆಯ ಕಡೆಗೆ ಇದ್ದರೆ ಕ್ಯಾಮೆರಾ ಮಸುಕಾದುದನ್ನೂ ತೆಗೆದುಬಿಡುತ್ತದೆ. ಕಲಿಯುವ ಹಂತದಲ್ಲಿ ಫೋಕಸ್‌ಗೆ ಆದ್ಯತೆ ಇರಲಿ.

ಮುಖ್ಯವಾದದ್ದು ಚೌಕದ ಗಾತ್ರ. ಹಕ್ಕಿ, ಪ್ರಾಣಿ, ಮನುಷ್ಯ ಎಂದು ವಸ್ತುವನ್ನು ತಾನೇ ಗುರುತಿಸುವ ಶಕ್ತಿ ಹೊಸ ಬಾಡಿಗಳಲ್ಲಿ ಇರುವುದರಿಂದ ಬಹಳ ಜನ ಇಡೀ ಚೌಕಟ್ಟನ್ನು ಅದಕ್ಕೆ ಒಪ್ಪಿಸಿಬಿಡುತ್ತಾರೆ. ಖಾಲಿ ಆಕಾಶದಲ್ಲಿ ಹಾರುವ ಹೆಜ್ಜಾರ್ಲೆಗೆ ಅದು ಸರಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಒತ್ತೊತ್ತಾಗಿ ಗೂಡು ಕಟ್ಟಿರುತ್ತವೆ. ಅಲ್ಲಿ ಇಡೀ ಚೌಕಟ್ಟನ್ನು ಬಿಟ್ಟುಕೊಟ್ಟರೆ ಕ್ಯಾಮೆರಾ ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ. ಅಲ್ಲಿ ಸಣ್ಣ ವಲಯವನ್ನು ಬೇಕಾದ ಹಕ್ಕಿಯ ತಲೆಯ ಮೇಲಿಟ್ಟು, ಆ ವಲಯದೊಳಗೆ ಮಾತ್ರ ಕಣ್ಣು ಹುಡುಕು ಎಂದು ಹೇಳಬೇಕು.

ಇನ್ನೂ ಕಷ್ಟದ ಜಾಗ ಮಂಡ್ಯದ ಕಬ್ಬಿನ ಗದ್ದೆ. ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಗೀಜಗ ಗೂಡು ನೇಯುವುದನ್ನು ಹತ್ತಿರದಿಂದ ನೋಡಿ. ತಲೆಯ ಮೇಲೆ ಹಳದಿ ಬಳಿದಂತಿರುವ ಗಂಡು, ಕಬ್ಬಿನ ಗರಿಯಿಂದ ಸೀಳಿ ತಂದ ಉದ್ದನೆಯ ಎಳೆಯನ್ನು ಕೊಕ್ಕಿನಲ್ಲಿ ಹಿಡಿದು, ಅರೆ ಕಟ್ಟಿದ ಗೂಡಿಗೆ ತಲೆಕೆಳಗಾಗಿ ಜೋತು, ರೆಕ್ಕೆ ಬಡಿಯುತ್ತ ಆ ಎಳೆಯನ್ನು ಒಳಗೆ ತೂರಿಸಿ ಹೊರಗೆ ಎಳೆಯುತ್ತದೆ. ಅದರ ಮುಂದೆ ಇನ್ನೂ ನೇಯದ ಹತ್ತಾರು ಎಳೆಗಳು ಗಾಳಿಗೆ ತೂಗುತ್ತಿರುತ್ತವೆ. ಆ ಎಳೆಗಳೆಲ್ಲ ಲಂಬವಾಗಿ, ಬಿಸಿಲಿಗೆ ಮಿಂಚುತ್ತ, ಹಕ್ಕಿಗಿಂತ ನಮಗೆ ಹತ್ತಿರವಾಗಿ ಇರುವುದರಿಂದ ಆಟೋಫೋಕಸ್‌ಗೆ ಅವೇ ಪ್ರಿಯ. 400 ಎಂಎಂ ಲೆನ್ಸಿನಲ್ಲಿ ಅಪರ್ಚರನ್ನು (ಬೆಳಕು ಬರುವ ಕಿಂಡಿ; ಎಫ್ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು) ಎಫ್ 5.6ಕ್ಕೆ ಇಟ್ಟು ಐದು ಮೀಟರ್ ದೂರದ ಹಕ್ಕಿಯನ್ನು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ತೆಗೆದರೆ ಚೂಪಾಗಿ ಕಾಣುವ ಆಳ ಸುಮಾರು ಐದು ಸೆಂಟಿಮೀಟರ್ ಮಾತ್ರ. ಎಳೆಯ ಮೇಲೆ ಫೋಕಸ್ ಕೂತರೆ ಹಕ್ಕಿಯ ಕಣ್ಣು ಆಚೆ ಉಳಿಯುತ್ತದೆ.

ಇಲ್ಲಿ ಮೊದಲು ಮಾಡಬೇಕಾದದ್ದು ನಾವು ನಿಂತ ಜಾಗವನ್ನು ಬದಲಾಯಿಸುವುದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಎಳೆಗಳು ಹಕ್ಕಿಯ ಮುಂದಿನಿಂದ ಪಕ್ಕಕ್ಕೆ ಹೋಗುತ್ತವೆ. ಆಮೇಲೆ ಅತಿ ಸಣ್ಣ ಚೌಕವನ್ನು ಆರಿಸಿ, ಗೂಡಿನ ಬಾಯಿಯ ಅಂಚಿನ ಮೇಲೆ ಫೋಕಸ್ ಮಾಡಿ, ಹೆಬ್ಬೆರಳನ್ನು ಎತ್ತಿ ಕಾಯಿರಿ. ಗಂಡು ಮತ್ತೆ ಮತ್ತೆ ಅದೇ ಅಂಚಿಗೆ ಬರುತ್ತದೆ. ಗೂಡು ಗಾಳಿಗೆ ತೂಗಿದಾಗ ಮಾತ್ರ ಒಂದು ಕ್ಷಣ ಒತ್ತಿ ಸರಿಪಡಿಸಿಕೊಳ್ಳಿ. ಟ್ರ್ಯಾಕಿಂಗ್ ಸೂಕ್ಷ್ಮತೆ ಎಂಬ ಆಯ್ಕೆ ನಿಮ್ಮ ಕ್ಯಾಮೆರಾದಲ್ಲಿದ್ದರೆ ಅದನ್ನು ತಡವಾಗಿ ಸ್ಪಂದಿಸುವ ಕಡೆಗೆ ಇಡಿ, ಆಗ ನಡುವೆ ಒಂದು ಎಳೆ ಹಾದರೂ ಫೋಕಸ್ ಅದರತ್ತ ನೆಗೆಯುವುದಿಲ್ಲ. ಇದೆಲ್ಲ ಮಾಡಿಯೂ ಆಗದಿದ್ದರೆ ಕೈಯಿಂದ ಫೋಕಸ್ ಮಾಡುವುದಕ್ಕೆ ಸಂಕೋಚ ಬೇಡ. ಚೂಪಾದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಮತ್ತು ದೃಶ್ಯವನ್ನು ಹಿಗ್ಗಿಸಿ ತೋರಿಸುವ ಸೌಲಭ್ಯ ಎರಡೂ ಮಿರರ್‌ಲೆಸ್ ವ್ಯೂಫೈಂಡರಿನ ನಿಜವಾದ ವರ. ಪೀಕಿಂಗ್ ತುಸು ಉದಾರವಾಗಿ ಬಣ್ಣ ಹಚ್ಚುತ್ತದೆ, ಹಿಗ್ಗಿಸಿ ನೋಡಿದ್ದನ್ನೇ ಹೆಚ್ಚು ನಂಬಿ.

ಲೆನ್ಸಿನ ಪಾಲು

ಬಾಡಿ ಎಷ್ಟೇ ಬೇಗ ಲೆಕ್ಕ ಹಾಕಿದರೂ ಗಾಜನ್ನು ಸರಿಸಬೇಕಾದದ್ದು ಲೆನ್ಸಿನೊಳಗಿನ ಮೋಟಾರು. ಕಡಿಮೆ ಬೆಲೆಯ ಲೆನ್ಸುಗಳಲ್ಲಿ ಸಾಮಾನ್ಯವಾಗಿರುವ ಸ್ಟೆಪಿಂಗ್ ಮೋಟಾರು ಸದ್ದಿಲ್ಲದೆ, ನಯವಾಗಿ ಸರಿಯುತ್ತದೆ, ಹಗುರವಾದ ಗಾಜಿಗೆ ಅದು ಸಾಕು. ಲೀನಿಯರ್ ಮೋಟಾರುಗಳು ಇನ್ನೂ ಚುರುಕು. ಡಿಎಸ್‌ಎಲ್‌ಆರ್ ಕಾಲದ ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸುವವರು ಒಂದನ್ನು ಗಮನಿಸಬೇಕು. ಆ ಲೆನ್ಸುಗಳು ಒಂದೇ ಬಾರಿಗೆ ಚಿಮ್ಮಿ ಹೋಗಿ ನಿಲ್ಲಲು ರೂಪುಗೊಂಡವು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಬಿಡದೆ ಸರಿಯುತ್ತಿರಲು ಎಲ್ಲವೂ ಒಗ್ಗುವುದಿಲ್ಲ. ಹಾಗಿದ್ದರೂ ಹಳೆಯ ಲೆನ್ಸಿಗೆ ಒಂದು ಲಾಭವಿದೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಭಾಗ ಬೇರೆ, ಚಿತ್ರ ತೆಗೆಯುವ ಸೆನ್ಸರ್ ಬೇರೆ ಆಗಿದ್ದುದರಿಂದ ಪ್ರತಿ ಲೆನ್ಸಿಗೂ ಹೊಂದಾಣಿಕೆ ಮಾಡಬೇಕಾಗುತ್ತಿತ್ತು. ಮಿರರ್‌ಲೆಸ್‌ನಲ್ಲಿ ಎರಡೂ ಒಂದೇ ಆದ್ದರಿಂದ ಆ ಕಾಟ ಬಹುತೇಕ ಹೋಗಿದೆ.

ಉದ್ದನೆಯ ಟೆಲಿ ಲೆನ್ಸಿನ ಪಕ್ಕದಲ್ಲಿ ಫೋಕಸ್ ಲಿಮಿಟರ್ ಎಂಬ ಒಂದು ಸ್ವಿಚ್ ಇರುತ್ತದೆ. ಅದನ್ನು ಮುಟ್ಟದವರೇ ಹೆಚ್ಚು. ಫೋಕಸ್ ತಪ್ಪಿದಾಗ ಲೆನ್ಸ್ ತೀರ ಹತ್ತಿರದಿಂದ ಅನಂತದವರೆಗೆ ಪೂರ್ತಿ ಸುತ್ತು ಹಾಕಿ ಮರಳುವಷ್ಟರಲ್ಲಿ ಹಕ್ಕಿ ಆಚೆ ದಂಡೆ ಸೇರಿರುತ್ತದೆ. ದೋಣಿಯಲ್ಲಿರುವಾಗ ಹತ್ತಿರದ ದೂರಗಳನ್ನು ಬಿಟ್ಟುಬಿಡುವಂತೆ ಆ ಸ್ವಿಚ್ಚನ್ನು ಇಟ್ಟರೆ ಸುತ್ತು ಕಿರಿದಾಗುತ್ತದೆ. ಗೀಜಗಕ್ಕೆ ಬಂದಾಗ ಮರೆಯದೆ ಹಿಂದಕ್ಕೆ ತಿರುಗಿಸಿ, ಇಲ್ಲದಿದ್ದರೆ ಹತ್ತಿರದ ಹಕ್ಕಿಗೆ ಲೆನ್ಸ್ ಫೋಕಸ್ ಮಾಡುವುದೇ ಇಲ್ಲ, ಕೆಟ್ಟಿತೆಂದು ಅಂಗಡಿಗೆ ಓಡಬೇಕಾಗುತ್ತದೆ.

ಲೆನ್ಸಿನ ಅಪರ್ಚರ್ ಕೂಡ ಆಟೋಫೋಕಸ್‌ನ ಕಣ್ಣಿನ ಪಾಪೆ ಇದ್ದಂತೆ. ಇಂಥ ಬಾಡಿ ಮೈನಸ್ 4 ಇವಿ (ಇವಿ ಎಂಬುದು ಬೆಳಕಿನ ಅಳತೆ) ಕತ್ತಲಲ್ಲೂ ಫೋಕಸ್ ಮಾಡುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ, ಆ ಪರೀಕ್ಷೆ ಸಾಮಾನ್ಯವಾಗಿ ಎಫ್ 2 ಅಥವಾ ಅದಕ್ಕಿಂತ ತೆರೆದ ಲೆನ್ಸಿನಲ್ಲಿ ನಡೆದಿರುತ್ತದೆ. ಎಫ್ 6.3ರ ಜೂಮ್ ಲೆನ್ಸ್ ಎಫ್ 2ರ ಲೆನ್ಸ್ ಕೊಡುವ ಬೆಳಕಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನಷ್ಟೇ ಸೆನ್ಸರಿಗೆ ಕೊಡುತ್ತದೆ. ಮುಂಜಾನೆ ಲಿಂಗಾಂಬುಧಿ ಕೆರೆಯಲ್ಲಿ ಬೆಳಕು ಮೂಡುವ ಮೊದಲೇ ಜೂಮ್ ಲೆನ್ಸ್ ತಡಕಾಡಿದರೆ ಅದು ಬಾಡಿಯ ದೋಷವಲ್ಲ. ದೂರದ್ದನ್ನು ಇನ್ನೂ ಹತ್ತಿರ ತರಲು ಲೆನ್ಸಿಗೂ ಬಾಡಿಗೂ ನಡುವೆ ಟೆಲಿಕನ್ವರ್ಟರ್ ಹಾಕಿದರೆ ಬೆಳಕು ಇನ್ನೂ ಕಡಿಮೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಬಂಡೆ ಮತ್ತು ನೀರಿನ ಮೇಲೆ ಗಾಳಿ ನಡುಗುವಾಗ ಮಾತ್ರ ಎಂಥ ಲೆನ್ಸೂ ದೂರದ ಹಕ್ಕಿಯನ್ನು ಚೂಪಾಗಿ ಕೊಡಲಾರದು. ಆ ಹೊತ್ತಿನಲ್ಲಿ ಹತ್ತಿರ ಇರುವುದನ್ನು ತೆಗೆಯುವುದು, ಇಲ್ಲವೇ ನೆರಳಿನಲ್ಲಿ ಕೂರುವುದು ಸರಿ.

ಅನುಮಾನ ಲೆನ್ಸಿನ ಮೇಲೆ ಬಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ದಿನಪತ್ರಿಕೆಯ ಒಂದು ಹಾಳೆಯನ್ನು ಬೆಳಕಿರುವ ಗೋಡೆಗೆ ಅಂಟಿಸಿ, ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಅಪರ್ಚರ್ ಪೂರ್ತಿ ತೆರೆದು, ಒಂದೇ ಚೌಕದಲ್ಲಿ ಹತ್ತು ಚಿತ್ರ ತೆಗೆಯಿರಿ. ಪ್ರತಿ ಸಲವೂ ತೆಗೆಯುವ ಮುನ್ನ ಫೋಕಸ್ ಉಂಗುರವನ್ನು ತಿರುಗಿಸಿ ಕೆಡಿಸಿಬಿಡಿ. ಆಮೇಲೆ ದೃಶ್ಯವನ್ನು ಹಿಗ್ಗಿಸಿ, ಕೈಯಿಂದ ಫೋಕಸ್ ಮಾಡಿ ಇನ್ನೂ ಮೂರು ತೆಗೆಯಿರಿ. ಕೈಯಿಂದ ಮಾಡಿದ್ದು ಚೂಪಾಗಿದ್ದು ಹತ್ತರಲ್ಲಿ ಕೆಲವು ಮಾತ್ರ ಮಸುಕಾಗಿದ್ದರೆ ಆಟೋಫೋಕಸ್ ಅಥವಾ ಮೋಟಾರಿನಲ್ಲಿ ತೊಂದರೆ. ಎಲ್ಲ ಹದಿಮೂರೂ ಒಂದೇ ರೀತಿ ಮಸುಕಾಗಿದ್ದರೆ ಗಾಜಿನಲ್ಲೇ ತೊಂದರೆ, ಇಲ್ಲವೇ ಮುಂದೆ ಹಾಕಿದ ಅಗ್ಗದ ಫಿಲ್ಟರ್‌ನಲ್ಲಿ. ಫಿಲ್ಟರ್ ತೆಗೆದು ಮತ್ತೊಮ್ಮೆ ನೋಡಿ. ಚಲನೆಯ ಪರೀಕ್ಷೆಗೆ ಮಂಡ್ಯದ ರಸ್ತೆಗಳಲ್ಲಿ ಕಬ್ಬು ಹೇರಿಕೊಂಡು ಎದುರಿಗೆ ಬರುವ ಎತ್ತಿನ ಗಾಡಿಗಿಂತ ಒಳ್ಳೆಯ ಗುರಿ ಇನ್ನೊಂದಿಲ್ಲ. ಎತ್ತಿನ ಹಣೆಯ ಮೇಲೆ ಚೌಕವಿಟ್ಟು, ದೂರದಿಂದ ಹತ್ತಿರಕ್ಕೆ ಬರುವವರೆಗೆ ಬಿಡದೆ ಹಿಂಬಾಲಿಸಿ ತೆಗೆಯಿರಿ. ಗಾಡಿಯಲ್ಲಿ ಕೈಗೂಡಿದ ಮೇಲೆ ಸೈಕಲ್, ಆಮೇಲೆ ಬೈಕ್. ಗಾಡಿ ಹೊಡೆಯುವವರಿಗೆ ಮೊದಲೇ ಹೇಳಿ, ರಸ್ತೆಯ ಅಂಚಿನಿಂದಾಚೆ ನಿಂತು ಮಾಡಿ.

ದಸರೆಯ ದೀಪ, ಛತ್ರದ ದೀಪ

ರಾತ್ರಿಯ ಚಿತ್ರಣದಲ್ಲಿ ಎಲ್ಲ ತೊಂದರೆಗಳೂ ಒಟ್ಟಿಗೆ ಬರುತ್ತವೆ. ಬೆಳಕು ಕಡಿಮೆಯಾದಂತೆ ವ್ಯೂಫೈಂಡರ್ ಚಿತ್ರವನ್ನು ಹೊಳಪುಗೊಳಿಸಲು ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಕೂಡಿಸುತ್ತದೆ, ಅದರಿಂದ ಫ್ರೇಮ್ ದರ ಇಳಿದು ದೃಶ್ಯ ಎಳೆದಂತೆ ಕಾಣುತ್ತದೆ. ಸೆಟ್ಟಿಂಗ್‌ಗಳ ಪರಿಣಾಮವನ್ನು ಪರದೆಯಲ್ಲಿ ತೋರಿಸುವ ಆಯ್ಕೆಯನ್ನು ಫ್ಲ್ಯಾಶ್ ಬಳಸುವಾಗ ತೆಗೆದುಹಾಕಬೇಕು. ಇಲ್ಲದಿದ್ದರೆ 1/200, ಎಫ್ 8 ಇಟ್ಟೊಡನೆ ಪರದೆ ಕತ್ತಲಾಗಿ ವರನ ಮುಖವೂ ಕಾಣದು.

ಎಲ್‌ಇಡಿ ದೀಪಗಳು ಇನ್ನೊಂದು ಕಾಟ. ನಮ್ಮ ವಿದ್ಯುತ್ತು 50 ಹರ್ಟ್ಸ್, ಆದ್ದರಿಂದ ಅದನ್ನು ನೇರವಾಗಿ ಅವಲಂಬಿಸಿದ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಕಣ್ಣಿಗೆ ತಿಳಿಯದು, ಕ್ಯಾಮೆರಾಕ್ಕೆ ತಿಳಿಯುತ್ತದೆ. ವ್ಯೂಫೈಂಡರಿನಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಉರುಳುತ್ತವೆ, ಫೋಕಸ್ ಅಲುಗಾಡುತ್ತದೆ, ಎಲೆಕ್ಟ್ರಾನಿಕ್ ಶಟರ್‌ನಲ್ಲಿ ತೆಗೆದ ಚಿತ್ರದಲ್ಲಿಯೂ ಪಟ್ಟಿ ಉಳಿಯುತ್ತದೆ. ಕಲ್ಯಾಣ ಮಂಟಪದಲ್ಲಿ ಮೆಕ್ಯಾನಿಕಲ್ ಶಟರ್‌ಗೆ ಬಂದು, ವೇಗವನ್ನು 1/100ಕ್ಕೋ 1/50ಕ್ಕೋ ಇಟ್ಟರೆ ಈ ಪಟ್ಟಿ ಬಹುಮಟ್ಟಿಗೆ ಹೋಗುತ್ತದೆ. ವೇದಿಕೆಯ ಹಿಂದೆ ನಿಲ್ಲಿಸುವ ದೊಡ್ಡ ಎಲ್‌ಇಡಿ ಪರದೆಗಳು ಇದಕ್ಕಿಂತ ಬಹಳ ಹೆಚ್ಚಿನ ವೇಗದಲ್ಲಿ ಮಿಣುಕುತ್ತವೆ. ಅವುಗಳಿಗೆ ಶಟರ್ ವೇಗವನ್ನು ಅತಿ ಸಣ್ಣ ಹೆಜ್ಜೆಗಳಲ್ಲಿ ಬದಲಿಸುವ ಸೌಲಭ್ಯ ಕೆಲವು ಬಾಡಿಗಳಲ್ಲಿದೆ, ಪರದೆಯನ್ನು ನೋಡುತ್ತ ಪಟ್ಟಿ ಮಾಯವಾಗುವವರೆಗೆ ಸರಿಸಬೇಕು.

ಜಂಬೂ ಸವಾರಿಯ ದಿನ ಜನಜಂಗುಳಿಯ ನಡುವೆ ನಿಂತು ತೆಗೆಯುವವರಿಗೆ ತೊಂದರೆ ಬೇರೆ. ಮನುಷ್ಯರ ಮುಖವನ್ನು ಗುರುತಿಸುವ ಆಯ್ಕೆ ಚಾಲೂ ಇದ್ದರೆ ಕ್ಯಾಮೆರಾ ಅಂಬಾರಿ ಹೊತ್ತ ಆನೆಯನ್ನು ಬಿಟ್ಟು, ಮುಂದೆ ತಿರುಗಿ ನೋಡಿದವರ ಮುಖವನ್ನೋ ಮೇಲೆತ್ತಿದ ಮೊಬೈಲಿನ ಅಂಚನ್ನೋ ಹಿಡಿಯುತ್ತದೆ. ಅಂದು ಗುರುತಿಸುವಿಕೆಯನ್ನು ಪ್ರಾಣಿಗೆ ಬದಲಿಸಿ ಅಥವಾ ಪೂರ್ತಿ ನಿಲ್ಲಿಸಿ, ಒಂದೇ ಸಣ್ಣ ಚೌಕವನ್ನು ಆನೆಯ ಹಣೆಯ ಮೇಲೆ ಇಡಿ. ಬಣ್ಣದ ಚಿತ್ತಾರ ಬಿಡಿಸಿದ ಆ ಹಣೆಯಲ್ಲಿ ಅಂಚುಗಳು ಸಾಕಷ್ಟಿರುವುದರಿಂದ ಫೋಕಸ್ ಬಿಗಿಯಾಗಿ ಕೂರುತ್ತದೆ. ಚಿನ್ನದ ಅಂಬಾರಿಯ ಹೊಳೆಯುವ ಮೈಯ ಮೇಲೆ ಅಷ್ಟು ಚೆನ್ನಾಗಿ ಕೂರುವುದಿಲ್ಲ.

ದೀಪ ಹೊತ್ತಿದ ಅರಮನೆಯ ಮುಂದೆ ಮನೆಯವರನ್ನು ನಿಲ್ಲಿಸಿ ಚಿತ್ರ ತೆಗೆಯುವುದು ಮೈಸೂರಿನಲ್ಲಿ ಎಲ್ಲರೂ ಮಾಡುವ ಕೆಲಸ. ಹಿಂದೆ ಸಾವಿರಾರು ಬಲ್ಬುಗಳು, ಮುಂದೆ ಕತ್ತಲ ಮುಖ. ಕ್ಯಾಮೆರಾ ಹಿಂದಿನ ಬಲ್ಬಿನ ಸಾಲಿಗೆ ಹೋಗಿ ನಿಲ್ಲುತ್ತದೆ. ಯಾರಾದರೂ ಒಬ್ಬರು ಮೊಬೈಲಿನ ಟಾರ್ಚನ್ನು ಮುಖದ ಪಕ್ಕಕ್ಕೆ, ಕೆನ್ನೆಯ ಅಂಚು ಬೆಳಗುವಂತೆ ಹಿಡಿಯಲಿ. ಕಣ್ಣು ಗುರುತಿಸುವ ಚೌಕ ಮೂಡಿದೊಡನೆ ಹೆಬ್ಬೆರಳೆತ್ತಿ ಫೋಕಸ್ ನಿಲ್ಲಿಸಿ, ಟಾರ್ಚ್ ಆರಿಸಲು ಹೇಳಿ. 85 ಎಂಎಂ ಲೆನ್ಸಿನಲ್ಲಿ ಎಫ್ 1.8 ಇಟ್ಟು ಎರಡು ಮೀಟರ್ ದೂರದಿಂದ ತೆಗೆದರೆ ಚೂಪಿನ ಆಳ ಆರು ಸೆಂಟಿಮೀಟರಿನಷ್ಟೇ ಇರುವುದರಿಂದ ಇಬ್ಬರು ನಿಂತಿದ್ದರೆ ಇಬ್ಬರ ಮುಖವೂ ಒಂದೇ ದೂರದಲ್ಲಿರಬೇಕು, ಅಜ್ಜಿಯ ಹಿಂದೆ ಮೊಮ್ಮಗು ನಿಂತಿದ್ದರೆ ಎಫ್ 4ಕ್ಕೆ ಇಳಿಯಬೇಕು. ಟಾರ್ಚ್ ಆರಿದ ಮೇಲೆ ಅವರೂ ಅಲುಗಬಾರದು, ನೀವೂ ಹೆಜ್ಜೆ ಕದಲಿಸಬಾರದು, ಉಸಿರು ಬಿಟ್ಟು ನಿಂತ ಕ್ಷಣದಲ್ಲಿ ಮೂರು ಚಿತ್ರ ತೆಗೆಯಿರಿ.